ಹಾರ್ಮೋನಿನ ಮಾಷ್ಟ್ರಿಗೆ ಚುಚ್ಚುಮದ್ದು

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆ ಪಾಣೆಮಂಗಳೂರಿನಲ್ಲಿ. ಬೆಳಿಗ್ಗೆ ಬಂಟ್ವಾಳ, ಸಿದ್ದಕಟ್ಟೆ ದಾಟಿ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸು. ಮನೆಯಲ್ಲಿ ಅಮ್ಮ, ನಾನು, ನನ್ನ ಹೆಂಡತಿ. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ಈ ಕೊನೆಯ ಸಂಗತಿ ನಮ್ಮ ಮೂವರಿಗಿಂತ ಹೆಚ್ಚಾಗಿ ಊರಿಗೇ ಚಿಂತೆಯಾಗಿತ್ತು.

ಬಿ.ಎಸ್ಸಿ. ಕೊನೆಯ ವರ್ಷದ ತರಗತಿಗೆ ಗಂಡು ಪ್ರಾಣಿಯ ಸಂತಾನಾಂಗಗಳ ಪಾಠ ಬರುತ್ತಿತ್ತು. ನಮ್ಮ ಕಡೆ ಆ ಪಾಠ ಬಂತೆಂದರೆ ಅಧ್ಯಾಪಕರಿಗೆ ಕೆಮ್ಮು ಶುರುವಾಗುತ್ತದೆ. ಬೋರ್ಡಿನ ಮೇಲೆ ಒಂದು ಚಿತ್ರ ಬರೆದು, ನಾಲ್ಕು ಹೆಸರು ಗುರುತಿಸಿ, "ಉಳಿದದ್ದು ನೀವೇ ಓದಿಕೊಳ್ಳಿ" ಎಂದು ಕಿಟಕಿಯ ಹೊರಗೆ ನೋಡುತ್ತಾರೆ. ನನಗೆ ಅಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಪ್ಪೆಯ ಹೃದಯ ತೋರಿಸುವವರು ಇದನ್ನು ಯಾಕೆ ತೋರಿಸಬಾರದು? ಆಡಿನ ವೃಷಣವನ್ನೇ ತಂದು, ತರಗತಿಯಲ್ಲೇ ಕೊಯ್ದು ತೋರಿಸುತ್ತೇನೆಂದು ಆ ವರ್ಷ ಹಟ ತೊಟ್ಟೆ.

ಪಾಣೆಮಂಗಳೂರು ಪೇಟೆಯಲ್ಲಿ ಆಡಿನ ಮಾಂಸದ ಅಂಗಡಿಯೊಂದಿತ್ತು. ಅದರ ಯಜಮಾನರನ್ನು ನಾವೆಲ್ಲ ಕಾಕ ಎಂದೇ ಕರೆಯುತ್ತಿದ್ದೆವು. ಬಿಳಿ ಗಡ್ಡ, ಬಿಳಿ ಟೊಪ್ಪಿ, ಗಿರಾಕಿಯ ಮನೆಯ ಸುಖದುಃಖವೆಲ್ಲ ಬಾಯಿಪಾಠ. ಬೆಳಿಗ್ಗೆ ಬಸ್ಸಿಗೆ ಮೊದಲು ಅಲ್ಲಿಗೆ ಹೋಗಿ, ಸ್ವರ ತಗ್ಗಿಸಿ, "ಕಾಕ, ಆಡಿನ ಬೀಜ ಎರಡು ಜೊತೆ ಬೇಕಿತ್ತು" ಎಂದೆ. ಪಾಠಕ್ಕೆ ಎಂದು ಹೇಳಬೇಕಾಗಿತ್ತು. ಹಿಂದೆ ನಾಲ್ಕು ಮಂದಿ ನಿಂತಿದ್ದರು, ಹೇಳಲು ಬಾಯಿ ಬರಲಿಲ್ಲ.

ಕಾಕ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆ ಮುಖದಲ್ಲಿ ಮೂಡಿದ ಕರುಣೆಯನ್ನು ನಾನು ಮರೆತಿಲ್ಲ. ಉಳಿದ ಗಿರಾಕಿಗಳನ್ನೆಲ್ಲ ಕಾಯಿಸಿ, ಒಳಗೆ ಹೋಗಿ ಬಹಳ ಹೊತ್ತು ಏನೋ ಮಾಡಿ, ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣ ತಂದು ಕೊಟ್ಟರು.

"ಈರುಳ್ಳಿ, ಕಾಳುಮೆಣಸು ಹಾಕಿ ತುಪ್ಪದಲ್ಲಿ ಹುರಿಯಿರಿ ಮಾಷ್ಟ್ರೇ. ಮಸಾಲೆ ಜಾಸ್ತಿ ಬೇಡ. ನಲವತ್ತು ದಿವಸ ಬಿಡದೆ ತಿನ್ನಬೇಕು. ನನ್ನ ಅಣ್ಣನ ಮಗನಿಗೂ ಇದರಲ್ಲೇ ಆದದ್ದು."

ನಾನು ಹೂಂ ಎಂದು ಬಸ್ಸಿಗೆ ಓಡಿದೆ. ತರಗತಿಯಲ್ಲಿ ಟ್ರೇಯ ಮೇಲೆ ಪೊಟ್ಟಣ ಬಿಚ್ಚಿದರೆ ಎದುರಿಗಿದ್ದದ್ದು ಸುಲಿದ ಮೊಟ್ಟೆಯಂತೆ ನುಣ್ಣಗೆ ಹೊಳೆಯುವ ನಾಲ್ಕು ಉಂಡೆ, ಅಷ್ಟೆ. ಮೇಲಿನ ಚೀಲ ಇಲ್ಲ, ಪಕ್ಕಕ್ಕೆ ಅಂಟಿಕೊಂಡಿರುವ ಎಪಿಡಿಡೈಮಿಸ್ ಎಂಬ ಸುರುಳಿ ನಳಿಕೆ ಇಲ್ಲ, ರಕ್ತನಾಳಗಳ ಗೊಂಚಲು ಇಲ್ಲ. ಹಾರ್ಮೋನು ಎಲ್ಲಿ ಹುಟ್ಟಿ, ಎಲ್ಲಿಂದ ಎಲ್ಲಿಗೆ ದಾಟುತ್ತದೆ ಎಂದು ತೋರಿಸಲು ನನಗೆ ಯಾವುದು ಬೇಕಿತ್ತೋ ಅದನ್ನೆಲ್ಲ ಕಾಕ ಮರ್ಯಾದೆಯಿಂದ ಕತ್ತರಿಸಿ ಬಿಸಾಡಿದ್ದರು. ಹಿಂದಿನ ಬೆಂಚಿನಿಂದ ನಗು ಶುರುವಾಗಿ ಮುಂದಿನ ಬೆಂಚಿಗೆ ಬಂತು. ನಾನೂ ನಕ್ಕುಬಿಟ್ಟೆ.

ಮಾರನೆಯ ದಿನ ಮತ್ತೆ ಹೋಗಿ, "ಏನೂ ತೆಗೆಯಬೇಡಿ ಕಾಕ, ಇದ್ದದ್ದು ಇದ್ದ ಹಾಗೆ ಕೊಡಿ" ಎಂದೆ.

ಅವರಿಗೆ ನೋವಾಯಿತು. "ನಿಮಗೆ ಕೊಳಕು ಸಮೇತ ಕೊಟ್ಟರೆ ನನಗೆ ಮರ್ಯಾದೆ ಉಂಟಾ ಮಾಷ್ಟ್ರೇ?"

"ತಿನ್ನಲಿಕ್ಕೆ ಅಲ್ಲ ಕಾಕ. ಪಾಠಕ್ಕೆ. ಕಾಲೇಜಿನಲ್ಲಿ ತೋರಿಸಲಿಕ್ಕೆ."

"ಆಯ್ತು ಆಯ್ತು, ಪಾಠಕ್ಕೆ ಅಂತಲೇ ಹೇಳುವ," ಎಂದು ಕಣ್ಣು ಮಿಟುಕಿಸಿದರು. ಒಂದು ಮಾತನ್ನೂ ನಂಬಿರಲಿಲ್ಲ. ಆದರೆ ಈ ಸಲ ಇಡಿಯಾಗಿಯೇ ಕೊಟ್ಟರು.

ಕಾಕ ತಿಳಿದುಕೊಂಡದ್ದು ತಪ್ಪು, ಆದರೆ ಪೂರ್ತಿ ತಪ್ಪಲ್ಲ. ಅದಕ್ಕೆ ಒಂದು ವರ್ಷಕ್ಕೂ ಹಿಂದಿನ ಕಥೆ ಹೇಳಬೇಕು.

ಆಗ ನಾವು ಗಂಡ ಹೆಂಡತಿ ಇಬ್ಬರೂ ಒಬ್ಬ ಡಾಕ್ಟರಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದೆವು. ಅವಳಲ್ಲಿ ಎಲ್ಲವೂ ಸರಿಯಾಗಿತ್ತು. ನನ್ನ ವೀರ್ಯಾಣುಗಳ ಸಂಖ್ಯೆ ತೀರ ಕಡಿಮೆ ಇತ್ತು. ಡಾಕ್ಟರು ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದು ಬರೆದುಕೊಟ್ಟು, "ಮೂರು ವಾರಕ್ಕೊಂದು. ಮೂರು ತಿಂಗಳು ತೆಗೆದುಕೊಂಡು ನಿಲ್ಲಿಸಿ. ನಿಲ್ಲಿಸಿದ ಮೇಲೆ ನನಗೆ ತೋರಿಸಲೇಬೇಕು" ಎಂದರು. ನಾನು ಮೊದಲಿನ ಅರ್ಧವನ್ನು ಮಾತ್ರ ಕೇಳಿಸಿಕೊಂಡೆ. ಪ್ರಾಣಿಶಾಸ್ತ್ರದಲ್ಲಿ ಗೋಲ್ಡ್ ಮೆಡಲು ಪಡೆದವನಿಗೆ ಡಾಕ್ಟರು ವಿವರಿಸುವುದು ಏನಿದೆ ಎಂಬ ಕೊಬ್ಬು. ಹಾರ್ಮೋನು ಕಡಿಮೆಯಾಗಿದೆ, ಹೊರಗಿನಿಂದ ಕೊಡುತ್ತಿದ್ದಾರೆ, ಮುಗಿಯಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ಅತ್ತೆಗೆ ಹೇಳುವ ಅಲ್ವಾ?"

"ಈಗ ಬೇಡ," ಎಂದೆ. "ಮೂರು ತಿಂಗಳಲ್ಲಿ ಸರಿಯಾಗ್ತದೆ. ಆಮೇಲೆ ಹೇಳಲಿಕ್ಕೆ ಏನೂ ಇರುವುದಿಲ್ಲ."

ನಾನು ಹೇಳದೆ ಇದ್ದುದರಿಂದ ದೋಷ ತನ್ನಷ್ಟಕ್ಕೆ ಅವಳ ತಲೆಗೆ ಬಂತು. ಅಮ್ಮ ಕೆಟ್ಟವಳಲ್ಲ. ಸೊಸೆಯ ಮೇಲೆ ಜೀವ ಇತ್ತು. ಆ ಜೀವದಿಂದಲೇ ದಿನಕ್ಕೊಂದು ಬೇರು ತೇಯ್ದು, ಕಷಾಯ ಕುದಿಸಿ, ಎದುರು ನಿಂತು ಕುಡಿಸುತ್ತಿದ್ದಳು. ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಹರಕೆ ಹೇಳಿದಳು. ಮನೆಗೆ ಬಂದ ನೆಂಟರಿಷ್ಟರು ನನ್ನ ಹೆಂಡತಿಯ ಹೊಟ್ಟೆಯನ್ನೇ ನೋಡಿ ಮಾತಾಡುತ್ತಿದ್ದರು. ಮದುವೆಮನೆಗಳಲ್ಲಿ ಮಗುವನ್ನು ಅವಳ ಕೈಗೆ ಕೊಡದೆ ಆಚೆಯವರಿಗೆ ದಾಟಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾನು ಪಕ್ಕದ ಕೋಣೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಚುಚ್ಚುಮದ್ದು ಮಾತ್ರ ಭರ್ಜರಿಯಾಗಿ ಕೆಲಸ ಮಾಡಿತು, ಅಥವಾ ನಾನು ಹಾಗೆ ತಿಳಿದೆ. ಹಸಿವು ಹೆಚ್ಚಿತು. ಗಡ್ಡ ಸಂಜೆಯೊಳಗೆ ಮತ್ತೆ ಬರತೊಡಗಿತು. ಕಾಲೇಜಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ. ಮೊದಲೇ ಮೂಗಿನ ತುದಿಯಲ್ಲಿದ್ದ ಸಿಟ್ಟು ಈಗ ಇನ್ನೂ ಮುಂದೆ ಬಂದು, ಸಿದ್ದಕಟ್ಟೆಯಲ್ಲಿ ಬಸ್ಸು ಹೆಚ್ಚು ಹೊತ್ತು ನಿಂತರೆ ಡ್ರೈವರನ ಮೇಲೆ ಎಗರಿ ಬೀಳುತ್ತಿದ್ದೆ. ಹೊರಗೆ ಇಷ್ಟು ಗಂಡಸುತನ ತುಂಬಿ ತುಳುಕುವಾಗ ಒಳಗೆ ಬೆಳೆ ಹೇಗಿರಬಹುದು! ಮೂರು ತಿಂಗಳು ಮುಗಿದರೂ ನಿಲ್ಲಿಸಲಿಲ್ಲ. ಡಾಕ್ಟರಲ್ಲಿಗೆ ಹೋಗಲೂ ಇಲ್ಲ. ಪೇಟೆಯ ಔಷಧದಂಗಡಿಯಲ್ಲಿ ಒಬ್ಬ ಕಂಪೌಂಡರ್ ಇದ್ದ. ಹಳೆಯ ಚೀಟಿ ತೋರಿಸಿದರೆ ಪ್ರಶ್ನೆ ಕೇಳದೆ ಪರದೆಯ ಹಿಂದೆ ಕರೆದು ಸೊಂಟಕ್ಕೆ ಚುಚ್ಚುತ್ತಿದ್ದ. ಹೀಗೆ ಹದಿನಾಲ್ಕು ತಿಂಗಳು.

ಕಾಕನ ಎರಡನೆಯ ಪೊಟ್ಟಣ ತರಗತಿಯಲ್ಲಿ ಬಿಚ್ಚಿದ್ದು ಅಂಥ ಒಂದು ಚುಚ್ಚುಮದ್ದಿನ ಮಾರನೆಯ ದಿನ. ಸೊಂಟ ಇನ್ನೂ ನೋಯುತ್ತಿತ್ತು. ಪಾಠ ಮಾತ್ರ ಅದ್ಭುತವಾಗಿ ನಡೆಯಿತು. ವೃಷಣವನ್ನು ಉದ್ದಕ್ಕೆ ಸೀಳಿ ಒಳಗಿನ ಹಳದಿ ತಿರುಳು ತೋರಿಸಿದೆ. ಅದರಲ್ಲಿ ನೂಲಿನಂತೆ ಸಪೂರ ಕೊಳವೆಗಳು, ಅವುಗಳ ಒಳಗೆ ವೀರ್ಯಾಣು ಬೆಳೆಯುತ್ತದೆ, ಕೊಳವೆಗಳ ನಡುವಿನ ಸಂದಿಯ ಜೀವಕೋಶಗಳಲ್ಲಿ ಹಾರ್ಮೋನು ಹುಟ್ಟುತ್ತದೆ, ಅಲ್ಲಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಹೋಗುತ್ತದೆ ಎಂದು ವಿವರಿಸಿದೆ. ಮೇಲುಗಡೆ ಒಂದು ಅಪಧಮನಿಯನ್ನು ಸಣ್ಣ ಸಣ್ಣ ಅಭಿಧಮನಿಗಳು ಮಲ್ಲಿಗೆಯ ಬಳ್ಳಿಯ ಹಾಗೆ ಸುತ್ತಿಕೊಂಡಿದ್ದವು. ಹುಡುಗರೆಲ್ಲ ಮುಜುಗರ ಮರೆತು ಮೇಜಿನ ಸುತ್ತ ಮುತ್ತಿಕೊಂಡಿದ್ದರು.

ಬೆಳ್ತಂಗಡಿಯ ಕಡೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ವರ್ಷಕ್ಕೆ ಎರಡು ಸಲ ಬಾಯಿ ಬಿಡುವವಳು. ಆ ದಿನ ಬಿಟ್ಟಳು.

"ಸಾರ್, ಹಾರ್ಮೋನು ಹೇಗೂ ರಕ್ತದಲ್ಲಿ ಎಲ್ಲ ಕಡೆಗೆ ಹೋಗ್ತದೆ ಅಲ್ವಾ? ಹಾಗಾದರೆ ಅದು ಇಲ್ಲೇ, ಕೊಳವೆಗೆ ಒತ್ತಿಕೊಂಡೇ ಯಾಕೆ ಹುಟ್ಟಬೇಕು? ಬೇರೆ ಎಲ್ಲಾದರೂ ಹುಟ್ಟಿ ರಕ್ತದಲ್ಲಿ ಬಂದರೂ ಸಾಕಲ್ಲ?"

"ಸಾಕು," ಎಂದೆ ನಾನು, ಒಂದು ಕ್ಷಣವೂ ಯೋಚಿಸದೆ. "ಚುಚ್ಚುಮದ್ದಿನಲ್ಲಿ ಕೊಟ್ಟರೂ ಸಾಕು. ಕೊಡ್ತಾರೆ."

"ಕೊಟ್ಟರೆ ವೀರ್ಯಾಣು ಜಾಸ್ತಿ ಆಗ್ತದಾ ಸಾರ್?"

"ಮತ್ತೆ? ಆಗದೆ ಇರ್ತದಾ?"

"ಹಾಗಾದರೆ ಇದು ಇಷ್ಟು ಹತ್ತಿರ ಯಾಕೆ ಉಂಟು?" ಎಂದು ಅವಳು ಟ್ರೇಯನ್ನೇ ನೋಡುತ್ತ ಮತ್ತೆ ಕೇಳಿದಳು. ಗೊತ್ತಿಲ್ಲದಾಗ ನಾನು ಮಾಡುವ ಕೆಲಸವನ್ನೇ ಮಾಡಿದೆ, ಬೈದೆ. "ಸಿಲೆಬಸ್‌ನಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತುಕೋ." ಅವಳು ಕೂತಳು. ಪ್ರಶ್ನೆ ಕೂರಲಿಲ್ಲ.

ಮಧ್ಯಾಹ್ನ ಊಟ ಬಿಟ್ಟು ಲೈಬ್ರರಿಗೆ ಹೋದೆ. ಮೇಲಿನ ಕಪಾಟಿನಲ್ಲಿ ಯಾರೂ ಮುಟ್ಟದ ದಪ್ಪದೊಂದು ಶರೀರಶಾಸ್ತ್ರದ ಪುಸ್ತಕ ಇತ್ತು. ಧೂಳು ಒರೆಸಿ ಓದಲು ಕುಳಿತೆ.

ಅದರಲ್ಲಿದ್ದದ್ದು ಇಷ್ಟು. ಸಂದಿಯಲ್ಲಿ ಹುಟ್ಟಿದ ಹಾರ್ಮೋನು ರಕ್ತಕ್ಕೆ ಹೋಗುವುದು ನಿಜ. ಆದರೆ ಅದಕ್ಕಿಂತ ಮೊದಲು ಪಕ್ಕದ ಕೊಳವೆಯ ಗೋಡೆ ದಾಟಿ ಒಳಗೆ ಇಳಿಯುತ್ತದೆ. ಬೇರೆ ಏನನ್ನೂ ಸುಲಭವಾಗಿ ಒಳಗೆ ಬಿಡದ ಗೋಡೆ ಅದು, ಇದನ್ನು ಬಿಡುತ್ತದೆ. ಒಳಗೆ ಒಂದು ಪ್ರೋಟೀನು ಅದನ್ನು ಹಿಡಿದು ಇಟ್ಟುಕೊಳ್ಳುತ್ತದೆ, ದ್ರವದ ಜೊತೆ ಎಪಿಡಿಡೈಮಿಸ್‌ನವರೆಗೂ ಸಾಗಿಸುತ್ತದೆ. ಹೊರಗೆ ಹೊರಟ ರಕ್ತದಲ್ಲಿದ್ದದ್ದೂ ಪೂರ್ತಿ ಹೋಗುವುದಿಲ್ಲ. ಬಳ್ಳಿಯಂತೆ ಸುತ್ತಿದ ಆ ಅಭಿಧಮನಿಗಳಿಂದ ಸ್ವಲ್ಪ ಹಾರ್ಮೋನು ನಡುವಿನ ಅಪಧಮನಿಗೆ ಜಿನುಗಿ ಮತ್ತೆ ಒಳಗೇ ಬರುತ್ತದೆ. ಹೀಗಾಗಿ ಅಲ್ಲಿನ ಹಾರ್ಮೋನಿನ ಮಟ್ಟ ಮೈಯ ಉಳಿದ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೀರ್ಯಾಣು ಬೆಳೆಯಲು ಅಷ್ಟು ಬೇಕೇ ಬೇಕು. ಸೊಂಟಕ್ಕೆ ಚುಚ್ಚಿ ಆ ಮಟ್ಟ ತಲುಪುವುದು ಸಾಧ್ಯವಿಲ್ಲ.

ಮುಂದಿನ ಪುಟ ಇನ್ನೂ ಕೆಟ್ಟದ್ದಾಗಿತ್ತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತವನ್ನು ಮಾತ್ರ ನೋಡುತ್ತದೆ. ನಮ್ಮ ಪಂಚಾಯತಿನ ಪಂಪು ನೋಡಿಕೊಳ್ಳುವವನೂ ಹಾಗೆಯೇ, ಟ್ಯಾಂಕಿಯನ್ನು ಮಾತ್ರ ನೋಡುತ್ತಾನೆ. ಯಾರೋ ಹೊರಗಿನಿಂದ ನೀರು ತಂದು ಟ್ಯಾಂಕಿ ತುಂಬಿಸಿದರೆ ಅವನು ಪಂಪು ಆಫ್ ಮಾಡಿ ಮನೆಗೆ ಹೋಗುತ್ತಾನೆ, ಪಂಪಿನಿಂದಲೇ ನೇರವಾಗಿ ನೀರು ಪಡೆಯುವ ಬುಡದ ಮನೆ ಒಣಗುತ್ತದೆ. ನನ್ನ ರಕ್ತದಲ್ಲಿ ಹಾರ್ಮೋನು ತುಂಬಿತ್ತು, ಗಡ್ಡಕ್ಕೂ ಸಿಟ್ಟಿಗೂ ಧಾರಾಳವಾಗಿ ಸಿಗುತ್ತಿತ್ತು. ಹುಟ್ಟಬೇಕಾದ ಜಾಗದಲ್ಲಿ ಮಾತ್ರ ಹದಿನಾಲ್ಕು ತಿಂಗಳಿಂದ ಬರಗಾಲ. ತೀರ ಕಡಿಮೆ ಇದ್ದದ್ದನ್ನು ನಾನೇ ಕೈಯಾರೆ ಇಲ್ಲವಾಗಿಸಿದ್ದೆ.

ಮರುದಿನ ಪರೀಕ್ಷೆ ಮಾಡಿಸಿದೆ. ಸೊನ್ನೆ. ಚೀಟಿ ಹಿಡಿದು ಡಾಕ್ಟರ ಮುಂದೆ ನಿಂತಾಗ ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಮಾರಾಯರೇ, ಸ್ವಲ್ಪ ಕಾಲ ಕೊಟ್ಟು ನಿಲ್ಲಿಸಿದರೆ ಕೆಲವರಿಗೆ ಆಮೇಲೆ ಚಿಗುರುತ್ತದೆ ಅಂತ ಕೊಡುವುದು. ನೀವು ನಿಲ್ಲಿಸಲೇ ಇಲ್ಲವಲ್ಲ! ನೀವು ಕಲಿಸುವುದು ಎಂತ?"

"ಇದನ್ನೇ," ಎಂದೆ.

ಮತ್ತೆ ಬರುತ್ತದಾ ಎಂದು ಕೇಳಿದೆ. ಸಾಮಾನ್ಯವಾಗಿ ಬರುತ್ತದೆ, ಆದರೆ ಖಾತ್ರಿ ಹೇಳಲಾರೆ, ಒಂದು ವೀರ್ಯಾಣು ತಯಾರಾಗಲಿಕ್ಕೇ ಎರಡೂವರೆ ತಿಂಗಳು ಬೇಕು, ಕಾಯಿರಿ ಎಂದರು.

ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಕಿರುಚುತ್ತಾಳೆ, ಅಳುತ್ತಾಳೆ ಎಂದು ಹೆದರಿದ್ದೆ. ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಸೌಟು ಕೆಳಗಿಟ್ಟು, ನಗಲು ಶುರು ಮಾಡಿದಳು. "ಪ್ರಾಣಿಶಾಸ್ತ್ರ!" ಎಂದು ನಕ್ಕಳು. "ಗೋಲ್ಡ್ ಮೆಡಲು!" ಎಂದು ಮತ್ತೆ ನಕ್ಕಳು. ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ನನಗೂ ತಡೆಯಲಾಗಲಿಲ್ಲ. ಅಮ್ಮ ಹೊರಗಿನಿಂದ "ಎಂತ ಅದು?" ಎಂದು ಕೂಗಿದಳು.

ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಈಗ ಹೇಳುವ ಅಲ್ವಾ ಅತ್ತೆಗೆ?"

"ಮೊದಲು ಸರಿಯಾಗಲಿ," ಎಂದೆ. ಅವಳು ಸೌಟು ಎತ್ತಿಕೊಂಡಳು.

ತರಗತಿಯಲ್ಲಿ ಮಾತ್ರ ಮುಂದಿನ ದಿನವೇ ಹೇಳಿದೆ. ಮೊನ್ನೆ ನಾನು ಕೊಟ್ಟ ಉತ್ತರ ತಪ್ಪು, ಈ ಹುಡುಗಿ ಕೇಳಿದ ಪ್ರಶ್ನೆ ಸರಿ ಎಂದು ಬೋರ್ಡಿನ ತುಂಬ ಚಿತ್ರ ಬರೆದು ಒಂದು ಗಂಟೆ ವಿವರಿಸಿದೆ. ಪಂಪಿನವನ ಕಥೆಗೆ ಎಲ್ಲರೂ ನಕ್ಕರು. ಆಮೇಲೆ ಎರಡು ಸಾವಿರದ ಇಸವಿ ದಾಟಿದ ಮೇಲೂ, ಪ್ರತಿ ವರ್ಷದ ಮಕ್ಕಳಿಗೂ ಆ ಪಾಠವನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಆ ಹೊತ್ತಿಗೆ ಜಿಮ್ಮಿಗೆ ಹೋಗಿ ಇದೇ ಚುಚ್ಚುಮದ್ದು ಹಾಕಿಸಿಕೊಳ್ಳುವ ಹುಡುಗರು ನಮ್ಮಲ್ಲೂ ಹುಟ್ಟಿಕೊಂಡಿದ್ದರು. ಅವರಿಗೆ ನಾನು ಬೈಯುತ್ತಿದ್ದ ಬೈಗಳು ಕಾಲೇಜಿನ ಗೇಟಿನವರೆಗೆ ಕೇಳಿಸುತ್ತಿತ್ತಂತೆ.

ಚುಚ್ಚುಮದ್ದು ನಿಲ್ಲಿಸಿದ ಮೊದಲ ಎರಡು ತಿಂಗಳು ನಾನು ನೆನೆದ ಹಪ್ಪಳದಂತಿದ್ದೆ. ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದೆ. ಸಿದ್ದಕಟ್ಟೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಂತರೂ ಸುಮ್ಮನಿರುತ್ತಿದ್ದೆ. ಹುಷಾರಿಲ್ಲವಾ ಎಂದು ಡ್ರೈವರೇ ವಿಚಾರಿಸಿದ. ನಾಲ್ಕನೆಯ ತಿಂಗಳು ಪರೀಕ್ಷೆಯಲ್ಲಿ ಬೆರಳೆಣಿಕೆಯಷ್ಟು ಕಂಡವು. ಏಳನೆಯ ತಿಂಗಳಲ್ಲಿ, ಮೊದಲಿಗಿಂತಲೂ ಎಷ್ಟೋ ಹೆಚ್ಚು. ಡಾಕ್ಟರು ಸೂಕ್ಷ್ಮದರ್ಶಕದ ಬಳಿಗೆ ಕರೆದು ನನಗೇ ತೋರಿಸಿದರು. ಬೆಳಕಿನ ಆ ಸಣ್ಣ ವೃತ್ತದಲ್ಲಿ ಅವು ಅತ್ತಿಂದಿತ್ತ ಓಡಾಡುತ್ತಿದ್ದವು. ಎಷ್ಟೋ ವರ್ಷ ಮಕ್ಕಳಿಗೆ ತೋರಿಸಿದ ನೋಟವೇ, ಆದರೆ ಅಂದು ನನ್ನ ಕಣ್ಣು ಮಂಜಾಗಿ ಫೋಕಸ್ ಮಾಡಲಾಗಲಿಲ್ಲ.

ಅದಾಗಿ ಮೂರು ತಿಂಗಳಲ್ಲಿ ಹೆಂಡತಿ ಬಸುರಿಯಾದಳು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ಬಂಟ್ವಾಳದಲ್ಲಿ ಇಳಿದು ಮನೆಯವರೆಗೆ ನಡೆದೇ ಬಂದೆ, ಸಿಕ್ಕಿದವರಿಗೆಲ್ಲ ಕಾರಣವಿಲ್ಲದೆ ನಮಸ್ಕಾರ ಮಾಡಿದೆ. ಕಾಕ ಅಂಗಡಿಯಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ತಮ್ಮ ಪೊಟ್ಟಣದ ಫಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ನಾನೂ ತಿದ್ದಲಿಲ್ಲ.

ಏಳನೆಯ ತಿಂಗಳಲ್ಲಿ ನಮ್ಮ ಮನೆಯಲ್ಲಿ ಬಯಕೆ ಇಟ್ಟುಕೊಂಡೆವು. ಬಸುರಿಗೆ ಹೂ ಮುಡಿಸಿ, ಬಗೆಬಗೆಯ ತಿಂಡಿ ಬಡಿಸಿ, ಅಂದೇ ತವರಿಗೆ ಕಳುಹಿಸಿಕೊಡುವುದು ನಮ್ಮ ಕಡೆಯ ಕ್ರಮ. ಅವಳ ತವರು ಬೆಳ್ತಂಗಡಿಯ ಹತ್ತಿರ. ಅಲ್ಲಿಂದ ಅವಳ ಅಣ್ಣ ಕಾರು ತಂದಿದ್ದ. ಚಾವಡಿಯಲ್ಲಿ ಹಸಿರು ಸೀರೆಯುಟ್ಟು ಅವಳು ಕುಳಿತಿದ್ದಳು, ಸುತ್ತ ಮೂವತ್ತು ನಲವತ್ತು ಹೆಂಗಸರು. ನಾನು ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತಿದ್ದೆ.

ನನ್ನ ಸೋದರತ್ತೆ ಅವಳ ಹಣೆಗೆ ಕುಂಕುಮ ಹಚ್ಚಿ, ಗಟ್ಟಿಯಾಗಿ, ಪ್ರೀತಿಯಿಂದಲೇ ಹೇಳಿದರು, "ಅಂತೂ ನಿನ್ನ ದೋಷ ಕಳೆಯಿತಲ್ಲ ಮಗಳೇ. ನಮ್ಮ ಹುಡುಗನ ಪುಣ್ಯ, ಬೇರೆಯವನಾದರೆ ಇನ್ನೊಂದು ಮದುವೆ ಆಗಿಬಿಡ್ತಿದ್ದ."

ಹೆಂಗಸರೆಲ್ಲ ತಲೆಯಾಡಿಸಿದರು. ನನ್ನ ಹೆಂಡತಿ ತಲೆ ತಗ್ಗಿಸಿ ನಕ್ಕಳು. ಐದು ವರ್ಷದಿಂದ ಅಂಥ ಮಾತಿಗೆಲ್ಲ ಅವಳು ನಗುತ್ತಿದ್ದ ನಗು ಅದು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಬಕೆಟ್ಟು ನೆಲಕ್ಕೆ ಕುಕ್ಕಿದೆ. ಪಾಯಸ ಚಿಮ್ಮಿ ಪಂಚೆಗೆ ಬಿತ್ತು.

"ಅತ್ತೇ, ದೋಷ ಅವಳದ್ದಲ್ಲ," ಎಂದೆ. "ನನ್ನದು. ಶುರುವಿನಿಂದಲೂ ನನ್ನದೇ. ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಅವಳು ಹೇಳುವ ಅಂದಳು, ನಾನು ಬೇಡ ಅಂದೆ. ಇದ್ದ ಸ್ವಲ್ಪವನ್ನೂ ಚುಚ್ಚುಮದ್ದು ಹಾಕಿಸಿಕೊಂಡು ನಾನೇ ಹಾಳು ಮಾಡಿದ್ದೆ. ಅವಳು ಎಲ್ಲರ ಮಾತನ್ನೂ ನನಗಾಗಿ ಕೇಳಿಸಿಕೊಂಡದ್ದು."

ಗಂಡಸೊಬ್ಬ ಬಯಕೆಯ ಚಾವಡಿಯಲ್ಲಿ ನಿಂತು ಇಂಥ ಮಾತಾಡುವುದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಅಮ್ಮ ಎದ್ದು ಬಂದಳು. ನನಗೊಂದು ಏಟು ಬೀಳುತ್ತದೆ ಎಂದುಕೊಂಡೆ. ಅವಳು ನನ್ನನ್ನು ದಾಟಿ ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತು, ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಯಾರೋ ಒಬ್ಬರು ನಕ್ಕರು, ಸೋದರತ್ತೆ "ಬಡಿಸು ಮಾರಾಯ, ಪಾಯಸ ತಣಿಯುತ್ತದೆ" ಎಂದರು, ಮತ್ತೆ ಮಾತು ಶುರುವಾಯಿತು.

ಮಧ್ಯಾಹ್ನ ಅವಳನ್ನು ಕಾರಿನವರೆಗೆ ಬಿಡಲು ಹೋದೆ. ಬಾಗಿಲು ಹಿಡಿದು ನಿಂತವಳು ಮೆಲ್ಲಗೆ ಕೇಳಿದಳು.

"ಮಗು ಆಗದೆ ಇರುತ್ತಿದ್ದರೆ ಹೇಳುತ್ತಿದ್ದಿರಾ?"

ಹೌದು ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ. "ಹೇಳುತ್ತಿರಲಿಲ್ಲ."

"ನನಗೆ ಗೊತ್ತಿತ್ತು," ಎಂದಳು. ಸೀಟಿನ ಮೇಲಿದ್ದ ಹೂವಿನ ಬುಟ್ಟಿಯನ್ನು ಆಚೆ ಸರಿಸಿದಳು. "ಹತ್ತಿ. ನೀವೂ ಬನ್ನಿ."

ಬಯಕೆಯ ದಿನ ಗಂಡ ಜೊತೆಗೆ ಹೋಗುವ ಕ್ರಮ ನಮ್ಮಲ್ಲಿ ಇಲ್ಲ. ಹೆಂಗಸರೆಲ್ಲ ಅಂಗಳದಲ್ಲಿ ನಿಂತು ಗೇಲಿ ಮಾಡುತ್ತಿದ್ದಂತೆ, ಪಾಯಸ ಬಿದ್ದ ಪಂಚೆಯಲ್ಲೇ ಹತ್ತಿ ಅವಳ ಪಕ್ಕದಲ್ಲಿ ಕುಳಿತೆ. ಕಾರು ಬಿ.ಸಿ.ರೋಡ್ ದಾಟಿದ ಮೇಲೆ ಅವಳು ಮಾತಾಡಲು ಶುರು ಮಾಡಿದಳು. ಯಾವ ಮದುವೆಯಲ್ಲಿ ಯಾರು ಏನಂದರು, ಯಾವ ನಾಮಕರಣಕ್ಕೆ ಕರೆಯದೆ ಬಿಟ್ಟರು, ಯಾವ ಹಬ್ಬದ ದಿನ ಬಚ್ಚಲಿನಲ್ಲಿ ಅತ್ತಳು, ಒಂದೊಂದನ್ನೂ ದಿನವಾರ ಸಹಿತ ಹೇಳಿದಳು. ನಡುನಡುವೆ ಅವಳಿಗೇ ನಗು ಬರುತ್ತಿತ್ತು. ಬೆಳ್ತಂಗಡಿ ಮುಟ್ಟುವವರೆಗೆ ನಾನು ಒಂದು ಸಲವೂ ಬಾಯಿ ಹಾಕಲಿಲ್ಲ.